ರಾತ್ರಿ ಹನ್ನೊಂದಕ್ಕೆ ಆ ಹಡಗಿನಲ್ಲಿ ಯಾರು ಎಚ್ಚರ ಇರುತ್ತಾರೆ?

ಮಕ್ಕಳೆಲ್ಲ ಅಮೆರಿಕ ಸೇರಿ, ತಾವು ಈಗಷ್ಟೇ ನಿವೃತ್ತರಾದ ದಂಪತಿ ನನ್ನ ಬಳಿ ಬರುವುದು ಹೆಚ್ಚಾಗಿ ನಿದ್ದೆ ಬಾರದ್ದಕ್ಕೆ, ಆಸ್ತಿಯ ವಿಷಯಕ್ಕೆ, ಸೊಸೆಯ ವಿಷಯಕ್ಕೆ. ಈಚೆಗೆ ಈ ಪಟ್ಟಿಗೆ ಕ್ರೂಸ್, ಅಂದರೆ ಹಡಗಿನ ಪ್ರವಾಸ, ಕೂಡ ಸೇರಿಕೊಂಡಿದೆ. ಮಗನೋ ಮಗಳೋ ಸಿಯಾಟಲ್ ಕಡೆ ಇರುತ್ತಾರೆ. ಬೇಸಿಗೆಗೆ ಅಪ್ಪ ಅಮ್ಮ ಹೊರಡುತ್ತಾರೆ. "ಹೇಗೂ ಬರ್ತಿದೀರಲ್ಲ, ಅಲಾಸ್ಕಾ ಕ್ರೂಸ್ ಮುಗಿಸ್ಕೊಂಡೇ ಹೋಗಿ" ಎಂದು ಅಲ್ಲಿಂದ ಫೋನ್ ಬರುತ್ತದೆ. ಯಾವ ಕಂಪನಿಯ ಹಡಗು ಎಂಬಲ್ಲಿಗೆ ಬರುವಷ್ಟರಲ್ಲಿ ಮೂವತ್ತೈದು ವರ್ಷ ಸಂಸಾರ ಮಾಡಿದವರು ಮುಖ ತಿರುಗಿಸಿಕೊಂಡು ಕೂತಿರುತ್ತಾರೆ.

ಇದಕ್ಕೂ ಆಪ್ತಸಲಹೆಯೇ ಎಂದು ನಗುವವರಿದ್ದಾರೆ. ನನ್ನ ಸಹೋದ್ಯೋಗಿಯೊಬ್ಬರೇ "ಟ್ರಾವೆಲ್ ಏಜೆನ್ಸಿ ತೆಗೆದುಬಿಟ್ರಾ?" ಎಂದು ಕೇಳಿದರು. ಅವರಿಗೆ ಉತ್ತರವಾಗಿಯೇ ಈ ಪ್ರಕರಣವನ್ನು ಬರೆಯುತ್ತಿದ್ದೇನೆ. ಇಬ್ಬರೂ ಒಪ್ಪಿದ್ದಾರೆ, ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.

ಅವರನ್ನು ರಾಯರು ಎನ್ನೋಣ. ಕಾಲೇಜಿನಲ್ಲಿ ಭೂವಿಜ್ಞಾನ ಪಾಠ ಹೇಳಿ ನಿವೃತ್ತರಾದವರು. ಹೆಂಡತಿ ವಿಮಲಾ. ಅತ್ತೆ ಮಾವನನ್ನು ಕೊನೆಯವರೆಗೆ ನೋಡಿಕೊಂಡವರು, ಈಗ ಭಜನಾ ಮಂಡಳಿ, ಅಕ್ಕಪಕ್ಕದ ಮನೆಯವರು ಎಂದು ಓಡಾಡಿಕೊಂಡಿರುವವರು. ದೂರು ತಂದಿದ್ದು ರಾಯರು. "ಇವಳಿಗೆ ಯಾವುದರಲ್ಲೂ ಉತ್ಸಾಹ ಇಲ್ಲ ಮೇಡಂ. ಕೆನಡಾ ವೀಸಾಗೆ ಫೋಟೊ ತೆಗೆಸ್ಕೋ ಅಂತ ಎಷ್ಟು ಸಲ ಹೇಳಿದೀನಿ. ನಾಳೆ ಅಂತಾಳೆ. ಡಿಪ್ರೆಶನ್ ಏನಾದ್ರೂ ಇರಬಹುದಾ ನೋಡಿ." (ಅಲಾಸ್ಕಾಗೆ ಹೋಗಲು ಕೆನಡಾ ವೀಸಾ ಯಾಕೆ ಎಂದು ಕೇಳುವವರಿಗೆ: ವಿದೇಶಿ ಧ್ವಜದ ಹಡಗು ಅಮೆರಿಕದ ಬಂದರಿನಲ್ಲಿ ಹತ್ತಿಸಿಕೊಂಡವರನ್ನು ಬರೀ ಅಮೆರಿಕದ ಬಂದರುಗಳನ್ನೇ ಸುತ್ತಿಸಿ ಇಳಿಸುವಂತಿಲ್ಲ ಎಂದು 1886ರಷ್ಟು ಹಳೆಯ ಕಾನೂನಿದೆ. ಅದಕ್ಕೇ ಸಿಯಾಟಲ್‌ನಿಂದ ಹೊರಟ ಹಡಗುಗಳು ಹೆಚ್ಚಾಗಿ ಕೆನಡಾದ ವಿಕ್ಟೋರಿಯಾದಲ್ಲಿ ಒಂದು ಸಂಜೆ ನಿಂತು ಬರುತ್ತವೆ. ಭಾರತದ ಪಾಸ್‌ಪೋರ್ಟಿನವರು ಇದನ್ನು ಕೊನೆಗಳಿಗೆಗೆ ಬಿಡಬಾರದು.)

ಖಿನ್ನತೆ ಇದೆಯೇ ಎಂದು ಮೊದಲು ನೋಡಿದೆ. ಅದು ನನ್ನ ಕೆಲಸ. ನಿದ್ದೆ, ಹಸಿವು, ಜನರೊಂದಿಗಿನ ಒಡನಾಟ, ಯಾವುದರಲ್ಲೂ ಕೊರತೆ ಕಾಣಲಿಲ್ಲ. ಉತ್ಸಾಹ ಇಲ್ಲದ್ದು ಈ ಒಂದು ವಿಷಯದಲ್ಲಿ ಮಾತ್ರ.

ಮುಂದಿನ ಭೇಟಿಗೆ ರಾಯರು ಫೈಲು ಹಿಡಿದೇ ಬಂದರು. ಅವರು ಆರಿಸಿದ್ದು ವೈಕಿಂಗ್ ಕಂಪನಿಯ ಹಡಗು. ಕೆನಡಾದ ವ್ಯಾಂಕೂವರ್‌ನಿಂದ ಅಲಾಸ್ಕಾದ ಸಿವರ್ಡ್‌ವರೆಗಿನ ಯಾನ. ಹಡಗಿನಲ್ಲಿ 930 ಪ್ರಯಾಣಿಕರು, 18 ತುಂಬದವರಿಗೆ ಪ್ರವೇಶವೇ ಇಲ್ಲ, ಕ್ಯಾಸಿನೊ ಇಲ್ಲ, ದಿನವೂ ಉಪನ್ಯಾಸ. ದರ ಜಾಸ್ತಿ, ನಿಜ. ಆದರೆ ವೈಫೈ, ಊಟದ ಜೊತೆಗಿನ ವೈನ್, ಪ್ರತಿ ಬಂದರಿನಲ್ಲೂ ಒಂದು ಸುತ್ತಾಟ ಅದರೊಳಗೇ ಬರುತ್ತದೆ. ವೈನ್ ಇವರಿಗೆ ಬೇಡ, ಆ ಮಾತು ಬೇರೆ. ಮಗಳು ಸೂಚಿಸಿದ್ದು ರಾಯಲ್ ಕೆರಿಬಿಯನ್‌ನ ಕ್ವಾಂಟಮ್ ವರ್ಗದ ಹಡಗು. ನಾಲ್ಕು ಸಾವಿರಕ್ಕೂ ಮೇಲ್ಪಟ್ಟು ಜನ, ಒಳಗೆ ಡಿಕ್ಕಿ ಹೊಡೆಯುವ ಬಂಪರ್ ಕಾರು, ಗಾಳಿಯಲ್ಲಿ ತೇಲಿಸುವ ಯಂತ್ರ, ಸಮುದ್ರದ ಮೇಲೆ ಎತ್ತಿ ತೋರಿಸುವ ಗಾಜಿನ ಗೂಡು. "ಅದು ಹಡಗಲ್ಲ ಮೇಡಂ, ಜಾತ್ರೆ. ನಮಗೆ ಗದ್ದಲ ಆಗಲ್ಲ" ಎಂದರು ರಾಯರು.

ಫೈಲಿನ ಪುಟಗಳನ್ನು ಒಂದೊಂದಾಗಿ ತಿರುವಿ ನನಗೆ ತೋರಿಸುತ್ತಿದ್ದರು. ವಿಮಲಾ ಅಲ್ಲಿಯವರೆಗೆ ತಲೆಯಾಡಿಸುತ್ತ ಕೂತಿದ್ದರು. ಉಪನ್ಯಾಸಗಳ ಪುಟ ಬಂದಾಗ ಗಂಡನ ಕಡೆ ತಿರುಗಿ ಕೇಳಿದರು:

"ರೀ, ಆ ಹಡಗಲ್ಲಿ ರಾತ್ರಿ ಹನ್ನೊಂದು ಗಂಟೆಗೆ ಯಾರಾದ್ರೂ ಎಚ್ಚರ ಇರ್ತಾರಾ?"

ರಾಯರು ಇದನ್ನು ಸುರಕ್ಷತೆಯ ಪ್ರಶ್ನೆ ಎಂದುಕೊಂಡರು. ಇಪ್ಪತ್ತನಾಲ್ಕು ಗಂಟೆಯೂ ಸಿಬ್ಬಂದಿ ಇರುತ್ತಾರೆ, ವೈದ್ಯರೂ ಇರುತ್ತಾರೆ ಎಂದು ವಿವರಿಸತೊಡಗಿದರು. ವಿಮಲಾ ಪೂರ್ತಿ ಕೇಳಿಸಿಕೊಂಡು, "ಅದಲ್ಲ. ಹಾಡು, ದೀಪ, ಜನ, ಏನಾದ್ರೂ ಇರುತ್ತಾ ಅಂತ" ಎಂದರು.

"ನಿನಗೆ ಗದ್ದಲ ಅಂದ್ರೆ ತಲೆನೋವು ಬರುತ್ತಲ್ಲೇ?"

"ಮದುವೆ ಮನೆ ಗದ್ದಲಕ್ಕೆ ಬರುತ್ತೆ. ಅಲ್ಲಿ ಕೆಲಸ ನಂದು. ಹಡಗಲ್ಲಿ ನಾನು ಪಾತ್ರೆ ಎತ್ತಿಡಬೇಕಾ?"

ರಾಯರು ಫೈಲು ಮುಚ್ಚಿದರು. ಕೋಪ ಇರಲಿಲ್ಲ, ಗಾಬರಿ ಇತ್ತು. ಅಷ್ಟು ವರ್ಷ ಒಂಬತ್ತೂವರೆಗೆ ಮನೆಯ ದೀಪ ಆರುತ್ತಿತ್ತು. ಮೊದಲು ಅತ್ತೆಯ ನಿದ್ದೆಗಾಗಿ, ಆಮೇಲೆ ಮಕ್ಕಳ ಪರೀಕ್ಷೆಗಾಗಿ, ಕೊನೆಗೆ ರಾಯರ ಬೆಳಗಿನ ವಾಕಿಂಗಿಗಾಗಿ. ವಿಮಲಾ ಕತ್ತಲಲ್ಲಿ ಕಣ್ಣು ಬಿಟ್ಟುಕೊಂಡು ಮಲಗಿರುತ್ತಿದ್ದರಂತೆ. ಇದನ್ನೂ ಅವರು ದೂರಿನ ದನಿಯಲ್ಲಿ ಹೇಳಲಿಲ್ಲ, ಬೇರೆ ಯಾರದೋ ವಿಷಯ ಎಂಬಂತೆ ಹೇಳಿದರು. "ನನಗೆ ನಿದ್ದೆ ಬರೋದು ಹನ್ನೆರಡಕ್ಕೆ. ಹುಟ್ಟಿದಾಗಿಂದ ಹಾಗೇ. ತೌರಲ್ಲಿ ರಾತ್ರಿಯೆಲ್ಲಾ ಹರಟೆ."

ಇಲ್ಲಿ ಓದುಗರು ರಾಯರ ಮೇಲೆ ಬೀಳುವುದು ಬೇಡ. ಅವರು ಹೆಂಡತಿಯ ಬಾಯಿ ಮುಚ್ಚಿಸಿದವರಲ್ಲ. ಇಬ್ಬರ ರುಚಿಯೂ ಒಂದೇ ಎಂದು ನಿಜವಾಗಿ ನಂಬಿದ್ದರು. ನಂಬದಿರಲು ಅವರಿಗೆ ಯಾವ ಕಾರಣವೂ ಸಿಕ್ಕಿರಲಿಲ್ಲ. ವಿಮಲಾ ಅವರಿಗೂ ನಾನು ಅಲ್ಲೇ ಹೇಳಿದೆ: ಫೋಟೊ ಮುಂದೂಡಿದರೆ ಗಂಡನಿಗೆ ಕಾಣುವುದು ನಿಮ್ಮ ಸೋಮಾರಿತನ, ನಿಮ್ಮ ಆಸೆಯಲ್ಲ. ಅವರಿಗೆ ಸ್ವಲ್ಪ ಚುರುಕೆಂದಿತು. ಆದರೂ ಹೇಳಬೇಕಿತ್ತು.

ಆ ಭೇಟಿಯ ಉಳಿದ ಸಮಯವನ್ನೆಲ್ಲ ನಾವು ಹಡಗುಗಳ ಮೇಲೆಯೇ ಕಳೆದೆವು. ಸಹೋದ್ಯೋಗಿಯ ಟೀಕೆ ಇದಕ್ಕೇ. "ಸಂಬಂಧದ ಆಳಕ್ಕೆ ಇಳಿಯೋ ಅವಕಾಶ ಬಿಟ್ಟು ಬ್ರೋಷರ್ ನೋಡ್ತಾ ಕೂತ್ರಾ?" ಎಂದರು. ನನ್ನ ಅನುಭವದಲ್ಲಿ ಈ ವಯಸ್ಸಿನ ದಂಪತಿಯ ಮುಂದೆ ಸಂಬಂಧ, ಅಂತರಂಗ ಎಂಬ ಮಾತು ತೆಗೆದರೆ ಇಬ್ಬರೂ ಸೆಟೆದು ಕೂರುತ್ತಾರೆ, ಮುಂದಿನ ವಾರ ಬರುವುದೇ ಇಲ್ಲ. ಊಟ ಎಷ್ಟು ಗಂಟೆಗೆ, ಬಾಲ್ಕನಿ ಬೇಕೋ ಬೇಡವೋ ಎಂದು ಕೇಳಿದರೆ ಎಲ್ಲವೂ ತಾನಾಗಿ ಹೊರಬರುತ್ತದೆ.

ಇಬ್ಬರಿಗೂ ಒಂದೊಂದು ಹಾಳೆ ಕೊಟ್ಟೆ. ಬಂದರುಗಳನ್ನು ಮರೆತುಬಿಡಿ ಎಂದೆ. ಕೆಚಿಕನ್, ಜುನೊ, ಸ್ಕ್ಯಾಗ್‌ವೇ, ಯಾವ ಕಂಪನಿಯಲ್ಲಿ ಹೋದರೂ ಊರುಗಳು ಹೆಚ್ಚು ಕಡಿಮೆ ಇವೇ. ವ್ಯತ್ಯಾಸ ತಿಳಿಯುವುದು ಎಲ್ಲೂ ನಿಲ್ಲದೆ ಹಡಗು ಚಲಿಸುತ್ತಲೇ ಇರುವ ದಿನ. ಆ ಒಂದು ದಿನ ಬೆಳಗ್ಗೆ ಆರರಿಂದ ರಾತ್ರಿ ಹನ್ನೆರಡರವರೆಗೆ ನಿಮಗೆ ಹೇಗಿರಬೇಕು, ಒಬ್ಬರದನ್ನೊಬ್ಬರು ನೋಡದೆ ಬರೆಯಿರಿ ಎಂದೆ.

ರಾಯರ ಹಾಳೆಯಲ್ಲಿ ಮೌನ ಇತ್ತು, ಆದರೆ ಮೇಲಿನ ಸಾಲಿನಲ್ಲಿ ಇರಲಿಲ್ಲ. ಮೇಲಿದ್ದದ್ದು ಅಲಾಸ್ಕಾದ ಗ್ಲೇಸಿಯರ್ ಬೇ ಎಂಬ ಕೊಲ್ಲಿ. 1794ರಲ್ಲಿ ಬ್ರಿಟಿಷ್ ನಾವಿಕ ಜಾರ್ಜ್ ವ್ಯಾಂಕೂವರನ ತಂಡ ಬಂದಾಗ ಆ ಕೊಲ್ಲಿ ಕೊಲ್ಲಿಯೇ ಆಗಿರಲಿಲ್ಲ, ಬಾಯಿಯ ಹತ್ತಿರದವರೆಗೂ ಹಿಮನದಿ. 1879ರಲ್ಲಿ ಅಮೆರಿಕದ ನಿಸರ್ಗತಜ್ಞ ಜಾನ್ ಮ್ಯೂರ್ ಬರುವ ಹೊತ್ತಿಗೆ ಹಿಮ ಅರವತ್ತು ಕಿಲೋಮೀಟರಿಗೂ ಹೆಚ್ಚು ಹಿಂದೆ ಸರಿದಿತ್ತು. ಇದನ್ನು ಹೇಳುವಾಗ ರಾಯರು ತರಗತಿಯಲ್ಲೇ ನಿಂತಿದ್ದರು. ಇಷ್ಟು ವರ್ಷ ಹುಡುಗರಿಗೆ ಬೋರ್ಡಿನ ಮೇಲೆ ಬರೆದು ತೋರಿಸಿದ್ದನ್ನು ಕಣ್ಣಾರೆ ನೋಡಬೇಕೆಂಬುದು ಅವರ ಆಸೆ. 930 ಜನರ ಹಡಗೇ ಬೇಕೆಂಬುದು ಅದರ ಮುಂದೆ ದೊಡ್ಡ ವಿಷಯವಲ್ಲ.

ಆಗ ದಾರಿ ಕಂಡಿತು. ಗ್ಲೇಸಿಯರ್ ಬೇ ರಾಷ್ಟ್ರೀಯ ಉದ್ಯಾನಕ್ಕೆ ದಿನಕ್ಕೆ ಎರಡೇ ದೊಡ್ಡ ಹಡಗುಗಳಿಗೆ ಪ್ರವೇಶ. ಹಾಲೆಂಡ್ ಅಮೆರಿಕ, ಪ್ರಿನ್ಸೆಸ್ ಕಂಪನಿಗಳ ಹಡಗುಗಳು ಅಲ್ಲಿಗೆ ಹೆಚ್ಚು ಹೋಗುತ್ತವೆ. ಉದ್ಯಾನದ ರೇಂಜರುಗಳೇ ಹಡಗು ಹತ್ತಿ ದಿನವಿಡೀ ವಿವರಣೆ ಕೊಡುತ್ತಾರೆ. ಮಗಳು ಹೇಳಿದ ಹಡಗು ಅಲ್ಲಿಗೆ ಹೋಗುವುದಿಲ್ಲ, ಅದು ಬೇರೆ ಹಿಮನದಿ ತೋರಿಸುತ್ತದೆ.

ಹಾಲೆಂಡ್ ಅಮೆರಿಕದ ಹೆಸರು ರಾಯರಿಗೆ ಕೂಡಲೇ ಹಿಡಿಸಿತು. ಮಧ್ಯಮ ಗಾತ್ರ, ಸಂಜೆ ಒಳ್ಳೆಯ ಸಂಗೀತ, ಪ್ರಯಾಣಿಕರಲ್ಲಿ ಹಿರಿಯರೇ ಹೆಚ್ಚು. ವಿಮಲಾ ಸುಮ್ಮನಿರಲಿಲ್ಲ. "ನಮ್ಮ ವಯಸ್ಸಿನವರನ್ನ ದಿನಾ ಪಾರ್ಕಲ್ಲಿ ನೋಡ್ತೀನಲ್ಲ" ಎಂದರು.

ನಾನು ಕೊಟ್ಟ ಸಲಹೆ ಇದು. ಸಿಯಾಟಲ್‌ನಿಂದ ಹೊರಟು ಗ್ಲೇಸಿಯರ್ ಬೇಗೆ ಹೋಗುವ, ಸುಮಾರು 3,600 ಜನ ಹಿಡಿಯುವ ಪ್ರಿನ್ಸೆಸ್ ಹಡಗನ್ನು ನೋಡಿ. ನಡುವಿನ ಅಂಗಳದಲ್ಲಿ ತಡರಾತ್ರಿಯವರೆಗೆ ವಾದ್ಯ, ಕುಣಿತ ಇರುತ್ತದೆ. ತೆರೆದ ಡೆಕ್ಕಿನ ಮೇಲೆ ದೊಡ್ಡ ಪರದೆಯಲ್ಲಿ ಸಿನಿಮಾ ಹಾಕುತ್ತಾರೆ, ಹೊದ್ದು ಕೂತು ನೋಡಬಹುದು. ರಾಯರಿಗೆ ಬಾಲ್ಕನಿ ಇರುವ ಕೋಣೆ, ಹಡಗಿನ ನಡುಭಾಗದಲ್ಲಿ, ಆದಷ್ಟು ಕೆಳಗಿನ ಅಂತಸ್ತಿನಲ್ಲಿ ಇರಲಿ. ಸಿಯಾಟಲ್‌ನಿಂದ ಹೊರಡುವ ಹಡಗುಗಳು ಸಾಮಾನ್ಯವಾಗಿ ವ್ಯಾಂಕೂವರ್ ದ್ವೀಪದ ಹೊರಗೆ, ತೆರೆದ ಸಮುದ್ರದಲ್ಲಿ ಸಾಗುತ್ತವೆ, ತೂಗಾಟ ಇದ್ದೇ ಇರುತ್ತದೆ. ಟಿಪ್ಸ್ ಎಂದು ತಲೆಗೆ ದಿನಕ್ಕೆ ಇಷ್ಟು ಡಾಲರ್ ಎಂದು ಬೇರೆ ಬೀಳುತ್ತದೆ, ಅದನ್ನು ಈಗಲೇ ಲೆಕ್ಕಕ್ಕೆ ಹಿಡಿಯಿರಿ. ಬೆಳ್ಳುಳ್ಳಿ ಈರುಳ್ಳಿ ಇಲ್ಲದ ಊಟ ಬೇಕಿದ್ದರೆ ಬುಕಿಂಗ್ ಮಾಡುವಾಗಲೇ ಬರೆಸಿ, ಹತ್ತಿದ ದಿನವೇ ಊಟದ ಮನೆಯ ಮುಖ್ಯಸ್ಥರಿಗೆ ಇನ್ನೊಮ್ಮೆ ಹೇಳಿ. ಮಂಗಳೂರು, ಉಡುಪಿ ಕಡೆ ಹೋಟೆಲ್ ಮ್ಯಾನೇಜ್‌ಮೆಂಟ್ ಓದಿದ ಎಷ್ಟೋ ಹುಡುಗರು ಈ ಹಡಗುಗಳಲ್ಲಿ ದುಡಿಯುತ್ತಾರೆ. ಪರಿಚಯದವರ ಮನೆಯಲ್ಲಿ ಅಂಥ ಹುಡುಗ ರಜೆಗೆ ಬಂದಿದ್ದರೆ ಅವನನ್ನು ಕೇಳಿ. ಯಾವ ಕಂಪನಿಯ ಹಡಗಿನಲ್ಲಿ ಎಂಥವರು ಬರುತ್ತಾರೆ ಎಂಬುದನ್ನು ಅವನಷ್ಟು ಚೆನ್ನಾಗಿ ಯಾವ ಬ್ರೋಷರೂ ಹೇಳದು.

ಹಗಲು ಇಬ್ಬರೂ ಅವರವರ ಪಾಡಿಗೆ ಇರಬಹುದು. ರಾತ್ರಿಯ ಊಟ ಮಾತ್ರ ಜೊತೆಗೆ. ಹತ್ತಕ್ಕೆ ರಾಯರು ಮಲಗುತ್ತಾರೆ, ವಿಮಲಾ ಇಷ್ಟ ಬಂದಷ್ಟು ಹೊತ್ತು ಕೂರುತ್ತಾರೆ.

ರಾಯರಿಗೆ ಕಸಿವಿಸಿಯಾಯಿತು. "ಅಷ್ಟು ಹೊತ್ತಲ್ಲಿ ಒಬ್ಬಳೇ ಕೂತ್ರೆ ನೋಡಿದವರು ಏನಂದ್ಕೋತಾರೆ?" ಎಂದರು. ಜೂನ್‌ನಲ್ಲಿ ಜುನೊದ ಸೂರ್ಯ ಮುಳುಗುವುದೇ ರಾತ್ರಿ ಹತ್ತರ ಸುಮಾರಿಗೆ ಎಂದು ನಾನು ಹೇಳಿದೆ. ವಿಮಲಾ, "ನೋಡೋರು ಯಾರೂ ನಮ್ಮ ಬೀದಿಯವರಲ್ಲ ಬಿಡಿ" ಎಂದರು.

ಪಕ್ಷ ವಹಿಸಿದಿರಿ ಎಂಬುದು ಸಹೋದ್ಯೋಗಿಯ ಇನ್ನೊಂದು ಆಕ್ಷೇಪ. ಹೌದು, ಸ್ವಲ್ಪ ವಹಿಸಿದ್ದೇನೆ, ಕಾರಣವೂ ಇದೆ. ದೊಡ್ಡ ಹಡಗಿನಲ್ಲಿ ಮೌನ ಬೇಕಾದವನಿಗೆ ಬಾಲ್ಕನಿ ಇದೆ, ನಸುಕಿನ ಖಾಲಿ ಡೆಕ್ ಇದೆ. ಸಣ್ಣ, ಸದ್ದಿಲ್ಲದ ಹಡಗಿನಲ್ಲಿ ಗಲಗಲ ಬೇಕಾದವಳಿಗೆ ರಾತ್ರಿ ಹನ್ನೊಂದಕ್ಕೆ ಏನು ಸಿಗುತ್ತದೆ? ರುಚಿ ಬೇರೆಯಾದಾಗ ಇಬ್ಬರಿಗೂ ಅರ್ಧರ್ಧ ಸಿಗುವ ನಡುವಿನದನ್ನು ಹುಡುಕಿ ಎಂದು ಸಲಹೆ ಕೊಡುವುದು ವಾಡಿಕೆ. ನಾನು ಅದನ್ನು ಒಪ್ಪುವುದಿಲ್ಲ. ಅರ್ಧ ಹಸಿದ ಇಬ್ಬರು ಏಳು ದಿನ ಒಂದು ಸಣ್ಣ ಕೋಣೆಯಲ್ಲಿದ್ದರೆ ಏನಾಗುತ್ತದೆ ಎಂದು ಎಷ್ಟೋ ದಂಪತಿಗಳು ವಾಪಸು ಬಂದ ಮೇಲೆ ನನಗೆ ಹೇಳಿದ್ದಾರೆ. ಎರಡೂ ತುದಿಗೆ ಜಾಗ ಇರುವುದನ್ನು ಹುಡುಕಿ ಎನ್ನುತ್ತೇನೆ. ಇಬ್ಬರಿಗೂ ಗದ್ದಲ ಆಗದಿದ್ದರೆ, ದುಡ್ಡೂ ಇದ್ದರೆ, ರಾಯರ ಮೊದಲ ಆಯ್ಕೆಯೇ ಸರಿ. ಹಾಗೆ ಹೇಳಿ ಕಳಿಸಿದ ದಂಪತಿಗಳೂ ಇದ್ದಾರೆ. ಆದರೆ ಅದು ಇಬ್ಬರ ಹಾಳೆಯಲ್ಲೂ ಬೇರೆ ಬೇರೆ ಬರೆದಿರಬೇಕು, ಒಬ್ಬರ ಬಾಯಿಂದ ಇಬ್ಬರದ್ದೂ ಬರಬಾರದು. ಅನುಮಾನ ಇದ್ದವರಿಗೆ ಮುಂಬೈಯಿಂದ ಕಾರ್ಡೀಲಿಯಾ ಕಂಪನಿಯ ಹಡಗಿನಲ್ಲಿ ಎರಡು ರಾತ್ರಿಯ ಯಾನ ಮಾಡಿ ನೋಡಿ ಎನ್ನುತ್ತೇನೆ. ವಾಂತಿ ಬರುತ್ತದೋ ಇಲ್ಲವೋ, ಡಿಜೆ ಸದ್ದಿಗೆ ಯಾರು ಎದ್ದು ಹೋಗುತ್ತಾರೆ, ಯಾರು ಕೂತೇ ಇರುತ್ತಾರೆ, ಅಷ್ಟರಲ್ಲೇ ಗೊತ್ತಾಗುತ್ತದೆ.

ಪ್ರಿನ್ಸೆಸ್ಸೇ ಬುಕ್ ಆಯಿತು. ಈಗ ಹೊಸ ತಕರಾರು ಊಟದ ಹೊತ್ತಿನದು. ರಾಯರಿಗೆ ಏಳೂವರೆ ದಾಟಿದರೆ ಹೊಟ್ಟೆ ಉಬ್ಬರ. ವಿಮಲಾ ಅವರಿಗೆ ಎಂಟು ಗಂಟೆಯ ಊಟವೇ ಬೇಕು, ಯಾಕೆಂದರೆ ಬೇಗ ಉಂಡರೆ ಆಮೇಲಿನ ಹೊತ್ತು ಸಾಗುವುದಿಲ್ಲವಂತೆ. "ಬಫೆ ಇದೆಯಲ್ಲ ಮೇಡಂ, ಇವರು ಅಲ್ಲಿ ತಿನ್ಕೊಳ್ಳಲಿ" ಎಂದರು. ಹಡಗು ಬದಲಾದಾಗ ಆಗದ ಬೇಸರ ಈ ಮಾತಿಗೆ ರಾಯರ ಮುಖದಲ್ಲಿ ಕಂಡಿತು. ಜೊತೆಗೆ ಊಟ ಎಂಬ ಷರತ್ತನ್ನು ನಾನೇ ಹಾಕಿದ್ದೆ, ಅದನ್ನು ಸಡಿಲಿಸಲು ನಾನು ಒಪ್ಪಲಿಲ್ಲ. ಗಂಟೆ ಎಷ್ಟು ಎಂಬುದನ್ನು ಮಾತ್ರ ನೀವೇ ಮಾತಾಡಿಕೊಳ್ಳಿ ಎಂದು ಕಳಿಸಿದೆ. ಏಳೂಕಾಲಕ್ಕೆ ಬಂದು ನಿಂತಿದೆ ಎಂದು ಮೊನ್ನೆ ಫೋನಿನಲ್ಲಿ ತಿಳಿಯಿತು. ವಿಮಲಾ ಇನ್ನೂ ಎಳೆಯುತ್ತಿದ್ದಾರೆ.