ಕಾಲು ಮೊದಲೋ, ಕತ್ತಿ ಮೊದಲೋ?

ಪ್ರಶ್ನೆ: ಜರ್ಮನಿಯಲ್ಲಿ ಒಂದು ವರ್ಷದಿಂದ ಮಧ್ಯಯುಗದ ಲಾಂಗ್‌ಸ್ವೋರ್ಡ್ (ಎರಡೂ ಕೈಯಲ್ಲಿ ಹಿಡಿಯುವ ಉದ್ದ ಕತ್ತಿ) ಕತ್ತಿವರಸೆ ಕಲಿಯುತ್ತಿದ್ದೇನೆ. ನಾನು ಹೆಜ್ಜೆಯಿಟ್ಟು ಹೊಡೆಯುವಷ್ಟರಲ್ಲಿ ಎದುರಾಳಿಯ ಏಟು ನನ್ನ ಕೈಗೆ ಬಿದ್ದಿರುತ್ತದೆ. ಹೆಜ್ಜೆಯ ವೇಗ ಹೆಚ್ಚಿಸುವುದು ಹೇಗೆ?

ಉತ್ತರ: ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ, ಕೇಳುವವರೆಲ್ಲರೂ ವೇಗವನ್ನೇ ಬೇಡುತ್ತಾರೆ. ನಿಮಗೆ ಕಡಿಮೆ ಬಿದ್ದಿರುವುದು ವೇಗವಲ್ಲ, ಕ್ರಮ. ಕತ್ತಿ ಇನ್ನೂ ಹೆಗಲ ಮೇಲಿರುವಾಗಲೇ ಕಾಲು ಮುಂದೆ ಹೋದರೆ, ಎದುರಾಳಿಯ ಕತ್ತಿಗೆ ಎಟುಕುವ ಜಾಗಕ್ಕೆ ನೀವು ಬರಿಗೈಯಲ್ಲಿ ನುಗ್ಗಿದ ಹಾಗೆಯೇ ಆಯಿತು. ಇಂಗ್ಲೆಂಡಿನ ಕತ್ತಿವರಸೆಗಾರ ಜಾರ್ಜ್ ಸಿಲ್ವರ್ 1599ರಲ್ಲಿಯೇ ಇದನ್ನು ಬಿಡಿಸಿ ಬರೆದಿದ್ದಾನೆ: ಕೈ ಮೊದಲು ಹೊರಟು ದೇಹ, ಪಾದಗಳು ಅದನ್ನು ಹಿಂಬಾಲಿಸುವ ನಾಲ್ಕು ‘ಸಮಯಗಳು’, ಅಂದರೆ ಚಲನೆಯ ಕ್ರಮಗಳು, ಸರಿ, ಪಾದ ಮೊದಲು ಹೊರಡುವ ನಾಲ್ಕು ಸಮಯಗಳು ತಪ್ಪು. ಜರ್ಮನ್ ಕತ್ತಿವರಸೆಯ ಗುರು ಲಿಖ್ಟೆನಾವರ್ ಪರಂಪರೆಯ 15ನೇ ಶತಮಾನದ ವ್ಯಾಖ್ಯಾನಕಾರರೂ, ಬಲಗಡೆಯಿಂದ ಹೊಡೆಯುವವನು ಎಡಗಾಲು ಮುಂದಿಟ್ಟು ನಿಂತು, ಬಲಗಾಲಿನಿಂದ ಏಟನ್ನು ಹಿಂಬಾಲಿಸಬೇಕು, ಹಿಂಬಾಲಿಸದಿದ್ದರೆ ಏಟು ಗಿಡ್ಡವಾಗುತ್ತದೆ ಎನ್ನುತ್ತಾರೆ. ಇದನ್ನು ಓದಿಯೂ ‘ಹೆಜ್ಜೆಯಿಟ್ಟು ಹೊಡೆ’ ಎಂದು ಕಲಿಸುವ ಗುರುಗಳಿದ್ದಾರೆ. ಅವರಿಗೆ ನನ್ನಲ್ಲಿ ಉತ್ತರವಿಲ್ಲ.

ಅಭ್ಯಾಸ ಹೀಗಿರಲಿ. ಹಳೆಯ ಕೈಗವಸೊಂದನ್ನು ಎದೆಯೆತ್ತರಕ್ಕೆ ತೂಗುಹಾಕಿ, ಒಂದು ಹೆಜ್ಜೆ ಹಾಕಿದರೆ ಮಾತ್ರ ಎಟುಕುವಷ್ಟು ದೂರದಲ್ಲಿ ನಿಲ್ಲಿ. ಮೊದಲು ಕೈಗಳು ಚಾಚಲಿ, ಅಲಗು ನಿಮಗೂ ಕೈಗವಸಿಗೂ ನಡುವೆ ಬರಲಿ, ಆ ಎಳೆತಕ್ಕೆ ಮೈ ವಾಲಿದಾಗ ಹಿಂಗಾಲು ತಾನಾಗಿ ಏಳಲಿ. ಕಣ್ಣಿಗಿಂತ ಕಿವಿಯನ್ನು ನಂಬಿ: ಏಟಿನ ಸದ್ದು ಪಾದ ಊರಿದ ಸದ್ದಿನ ಜೊತೆಗೆ ಅಥವಾ ಕೂದಲೆಳೆಯಷ್ಟು ಮುಂಚೆ ಕೇಳಬೇಕು. ಎರಡು ವಾರ ನಿಧಾನವಾಗಿಯೇ ಮಾಡಿ. ನಾನು ಆತುರಪಟ್ಟು ಮುರಿದುಕೊಂಡ ಎಡ ಹೆಬ್ಬೆರಳು ಚಳಿಗಾಲದಲ್ಲಿ ಇಂದಿಗೂ ನೋಯುತ್ತದೆ.

ಇನ್ನೊಂದು ಎಚ್ಚರಿಕೆ: ಹೆಜ್ಜೆ ಮುಗಿಯುವಾಗ ಹಿಂದುಳಿದ ಪಾದ ತನ್ನ ಬೆರಳಬುಡದ ಮೇಲೆ ತಿರುಗಲೇಬೇಕು. ರಬ್ಬರ್ ಅಟ್ಟೆ ನೆಲಕ್ಕೆ ಕಚ್ಚಿ ಪಾದ ತಿರುಗದಿದ್ದರೆ, ಆ ತಿರುಚು ಮೊಣಕಾಲಿಗೆ ಬೀಳುತ್ತದೆ.

ಪ್ರಶ್ನೆ: ಮಧ್ಯಯುಗದವರು ಬೆರಳೂರಿಯೇ ನಡೆಯುತ್ತಿದ್ದರಂತೆ, ಹೌದೇ?

ಉತ್ತರ: ಒಂದಿಡೀ ಖಂಡದ ಜನ ಶತಮಾನಗಟ್ಟಲೆ ಒಂದೇ ನಡಿಗೆ ನಡೆದರೆಂಬುದು ವಿಡಿಯೊ ಮಾಡುವವರ ಕತೆ. ಹಸ್ತಪ್ರತಿಯ ಚಿತ್ರದಲ್ಲಿ ಪಾದದ ಯಾವ ಭಾಗ ಮೊದಲು ನೆಲ ಮುಟ್ಟಿತೆಂದು ತಿಳಿಯುವುದಿಲ್ಲ.

ಪ್ರಶ್ನೆ: ರನ್ನಿಂಗ್ ಶೂ ಸಾಕೇ?

ಉತ್ತರ: ಸಾಲದು. ತೆಳ್ಳನೆಯ, ಹಿಮ್ಮಡಿ ಎತ್ತರವಿಲ್ಲದ ಅಟ್ಟೆಯ ಶೂ ಕೊಳ್ಳಿ.

ಪ್ರಶ್ನೆ: ಮೊಣಕಾಲು ನೋವಿಗೆ ನಮ್ಮ ಕೋಚ್ ತೈಲ ಉಜ್ಜಿ ‘ಬಿಗಿ’ ಬಿಡಿಸುತ್ತಾರೆ. ಮುಂದುವರಿಸಲೇ?

ಉತ್ತರ: ಇವತ್ತೇ ನಿಲ್ಲಿಸಿ, ಮೂಳೆ ವೈದ್ಯರಿಗೆ ತೋರಿಸಿ. ಅವರು ಒಪ್ಪುವ ತನಕ ಕತ್ತಿ ಮುಟ್ಟಬೇಡಿ.