ನಿಮ್ಮ ಲೇಖನ ಶುರುವಾಗುವುದು ನಾಲ್ಕನೇ ಪುಟದಲ್ಲಿ

ನಮಸ್ಕಾರ. ಭ್ರೂಣದಲ್ಲಿ ಮೋಟಾರ್ ನರಕೋಶಗಳು, ಅಂದರೆ ಸ್ನಾಯುಗಳನ್ನು ಆಡಿಸುವ ನರಕೋಶಗಳು, ಹೇಗೆ ರೂಪುಗೊಳ್ಳುತ್ತವೆ ಅಂತ ಪುಣೆಯಿಂದ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಒಮ್ಮೆ ಡೊಂಬಿವಲಿ ಲೋಕಲ್‌ನಲ್ಲಿ, ಇನ್ನೊಮ್ಮೆ ಮಾಟುಂಗದ ಮನೆಯಲ್ಲಿ ಪೆನ್ಸಿಲ್ ಹಿಡಿದು. ಈಗ ಇರುವ ಹಾಗೆ ಪತ್ರಿಕೆಗೆ ಹಾಕಲು ಆಗುವುದಿಲ್ಲ. ಆದರೆ ಬಿಟ್ಟುಬಿಡಲೂ ಮನಸ್ಸಿಲ್ಲ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲ ಮೂರು ಪುಟ ತೆಗೆದುಬಿಡಿ. ‘ಸೃಷ್ಟಿಯ ವಿಸ್ಮಯ’, ‘ಜೀವದ ನೀಲನಕ್ಷೆ’ ಇವನ್ನೆಲ್ಲ ಯಾವ ಲೇಖನಕ್ಕೆ ಅಂಟಿಸಿದರೂ ಅಂಟುತ್ತವೆ. ನಾಲ್ಕನೇ ಪುಟದಲ್ಲಿ ಒಂದು ಸಾಲಿದೆ: ಮೂರು ದಿನ ಕಾವು ಕೊಟ್ಟ ಕೋಳಿಮೊಟ್ಟೆಗೆ ಸಣ್ಣ ಕಿಟಕಿ ಕೊರೆದು ನೋಡಿದಾಗ ಹೃದಯ ಬಡಿಯುತ್ತಿತ್ತು. ಅಲ್ಲಿ ನಾನು ಪೆನ್ಸಿಲ್ ಕೆಳಗಿಟ್ಟೆ. ಅದೇ ಹೊತ್ತಿಗೆ ಆ ಮೊಟ್ಟೆಯೊಳಗೆ, ಮುಂದೆ ಬೆನ್ನುಹುರಿ ಆಗುವ ಕೊಳವೆಯಲ್ಲಿ, ಮೋಟಾರ್ ನರಕೋಶಗಳು ಹುಟ್ಟುತ್ತಿರುತ್ತವೆ ಅಲ್ವಾ? ನೀವು ಕಣ್ಣಾರೆ ಕಂಡದ್ದನ್ನು ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ.

‘ಜೀನ್‌ಗಳು ಆಜ್ಞೆ ಕೊಡುತ್ತವೆ’ ಅಂತ ಹನ್ನೊಂದು ಕಡೆ ಬರೆದಿದ್ದೀರಿ, ಎಣಿಸಿದೆ. ಯಾರಿಗೆ ಆಜ್ಞೆ? ಎಲ್ಲ ಕೋಶಗಳಲ್ಲೂ ಇರುವುದು ಅದೇ ಜೀನ್‌ಗಳು. ಹಾಗಿದ್ದರೆ ಒಂದು ಕೋಶ ಮೋಟಾರ್ ನರಕೋಶ ಆಗಿ ಪಕ್ಕದ್ದು ಯಾಕೆ ಆಗಲಿಲ್ಲ? ಓದುಗರು ಕೇಳುವುದು ಇದನ್ನೇ. ನೀವು ಕೊಟ್ಟ ರೈಲ್ವೆ ಕಂಟ್ರೋಲ್ ರೂಮಿನ ಹೋಲಿಕೆಯೂ ಇಲ್ಲಿ ಹೊಂದುವುದಿಲ್ಲ, ಯಾಕೆಂದರೆ ಮೇಲೆ ಕೂತು ನೋಡುವವರು ಯಾರೂ ಇಲ್ಲ. ದಾದರ್ ಹೂಮಾರುಕಟ್ಟೆ ನೆನಪಿಸಿಕೊಳ್ಳಿ. ಕಣ್ಣು ಮುಚ್ಚಿ ನಡೆದರೂ ಮಲ್ಲಿಗೆ ವಾಸನೆ ಎಷ್ಟು ಗಾಢವಾಗಿದೆ ಅನ್ನುವುದರ ಮೇಲೆ ಎಷ್ಟು ದೂರ ಇದ್ದೀರಿ ಅಂತ ಗೊತ್ತಾಗುತ್ತದೆ. ಕೊಳವೆಯ ಕೆಳಗೆ ನೋಟೋಕಾರ್ಡ್ ಎಂಬ ಕೋಲಿನಂಥ ಭಾಗವಿದೆ. ಅದೂ, ಆಮೇಲೆ ಕೊಳವೆಯ ತಳವೂ ಸೋನಿಕ್ ಹೆಡ್ಜ್‌ಹಾಗ್ ಎಂಬ ಪ್ರೊಟೀನ್ ಬಿಡುತ್ತವೆ. ಮಲ್ಲಿಗೆ ವಾಸನೆಯ ಹಾಗೆ ಅದೂ ಮೇಲೆ ಹೋದಷ್ಟು ತೆಳುವಾಗುತ್ತದೆ. ತೀರಾ ಹತ್ತಿರದ ಕೋಶಗಳಲ್ಲಿ ಒಂದು ಜೀನ್ ಎಚ್ಚರವಾಗುತ್ತದೆ, ಸ್ವಲ್ಪ ಮೇಲಿನ ಪಟ್ಟಿಯಲ್ಲಿ ಓಲಿಗ್2 ಎಂಬ ಇನ್ನೊಂದು ಜೀನ್. ಮೋಟಾರ್ ನರಕೋಶಗಳು ಬರುವುದು ಈ ಓಲಿಗ್2 ಪಟ್ಟಿಯಿಂದ. ಓಲಿಗ್2ಗೂ ಅದರ ಮೇಲಿನ ಪಟ್ಟಿಯಲ್ಲಿರುವ ಐಆರ್‌ಎಕ್ಸ್3 ಎಂಬ ಜೀನ್‌ಗೂ ಆಗಿಬರುವುದಿಲ್ಲ, ಒಂದನ್ನೊಂದು ಅದುಮುತ್ತವೆ, ಅದಕ್ಕೇ ನಡುವಿನ ಗಡಿ ಗೆರೆ ಎಳೆದ ಹಾಗೆ ಕಾಣುತ್ತದೆ. ಓಲಿಗ್2 ಇಲ್ಲದ ಇಲಿಮರಿಯ ಬೆನ್ನುಹುರಿಯಲ್ಲಿ ಮೋಟಾರ್ ನರಕೋಶಗಳೇ ಹುಟ್ಟುವುದಿಲ್ಲ. ಇದನ್ನು ಅಡಿಟಿಪ್ಪಣಿಯಲ್ಲಿ ಹಾಕಿದ್ದೀರಿ, ಯಾಕೆ?

ಇನ್ನೊಂದು, 1991ರಲ್ಲಿ ನರವಿಜ್ಞಾನಿ ಥಾಮಸ್ ಜೆಸೆಲ್ ತಂಡ ಪ್ರಕಟಿಸಿದ ಕೋಳಿ ಭ್ರೂಣದ ಪ್ರಯೋಗ. ಕೊಳವೆಯ ಪಕ್ಕಕ್ಕೆ ಹೆಚ್ಚುವರಿ ನೋಟೋಕಾರ್ಡ್ ಇಟ್ಟರು, ಆ ಪಕ್ಕದಲ್ಲೂ ಮೋಟಾರ್ ನರಕೋಶಗಳು ಹುಟ್ಟಿದವು. ಕೋಶ ತನ್ನ ನೆರೆಹೊರೆ ನೋಡಿ ತಾನು ಏನಾಗಬೇಕು ಅಂತ ತಿಳಿಯುತ್ತದೆ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಕಥೆ ನನಗೆ ಗೊತ್ತಿಲ್ಲ. ನಿಧಾನವಾಗಿ, ಕೈಯಲ್ಲಿ ಸೂಜಿ ಹಿಡಿದವರ ಹಾಗೆ ಬರೆಯಿರಿ.

ದೇಹದ ಯಾವ ಮಟ್ಟದಲ್ಲಿ ಏನು ರೂಪುಗೊಳ್ಳಬೇಕು ಅನ್ನುವುದರಲ್ಲಿ ಪಾಲಿರುವ ಹಾಕ್ಸ್ ಜೀನ್‌ಗಳ ಭಾಗ ಚಿಕ್ಕದು ಮಾಡಿ. ಅಷ್ಟು ಹೆಸರು ಬೇಡ, ಒಂದು ಸಾಕು. ಎದೆಯ ಮಟ್ಟದ ನರಕೋಶಗಳು ಕೈಕಾಲಿಗೆ ಹೋಗುವ ನರಕೋಶಗಳಂತೆ ಆಗದಿರಲು ಹಾಕ್ಸ್‌ಸಿ9 ಬೇಕು. ಇಲಿಗಳಲ್ಲಿ ಅದನ್ನು ತೆಗೆದರೆ ಎದೆಯ ಮಟ್ಟದಲ್ಲೂ ಕೈಕಾಲಿನ ಬಗೆಯ ನರಕೋಶಗಳು ಬರುತ್ತವೆ. ಇಷ್ಟು ಹೇಳಿದರೆ ನಮ್ಮ ಓದುಗರು, ಹಗಲು ಹೋಟೆಲಲ್ಲಿ ದುಡಿದು ರಾತ್ರಿ ಶಾಲೆಯಲ್ಲಿ ಕಲಿತು ಬಂದ ಹಿರಿಯರೂ ಸೇರಿ, ಸರಿಯಾಗಿ ಹಿಡಿಯುತ್ತಾರೆ. ಅವರಿಗೆ ಇದು ಕಷ್ಟ ಅಂತ ಸುಮ್ನೆ ಅಂದುಕೊಳ್ಳಬೇಡಿ.

ಕೋಳಿಮೊಟ್ಟೆಯಿಂದ ಶುರು ಮಾಡಿ, ಮೂರು ಪುಟ ಮೀರದಂತೆ, ದೀಪಾವಳಿ ಸಂಚಿಕೆ ಅಚ್ಚಿಗೆ ಹೋಗುವ ಮೊದಲು ಕಳಿಸಿ. ಆ ಹೃದಯ ಎಷ್ಟು ದೊಡ್ಡದಿತ್ತು, ಸಾಸಿವೆ ಕಾಳಿನಷ್ಟೋ ಅದಕ್ಕಿಂತ ಸಣ್ಣದೋ, ಅದನ್ನೂ ಬರೆಯಿರಿ.