ಮಾಸ್ಕ್ ಕೆಳಗಿನ ಗುಳ್ಳೆ, ಮೂರು ದಿನದ ಕ್ರೀಮು

ಪ್ರಶ್ನೆ: ದಾವಣಗೆರೆಯ ಮಂಡಕ್ಕಿ ಭಟ್ಟಿಯಲ್ಲಿ ನನಗೆ ಕೆಲಸ. ಹೊಗೆ, ಧೂಳು ಅಂತ ಬೆಳಿಗ್ಗೆಯಿಂದ ಸಂಜೆವರೆಗೂ ಮಾಸ್ಕ್ ಹಾಕಿರುತ್ತೇನೆ. ಬಾಯಿ ಸುತ್ತ, ಗದ್ದದ ಮೇಲೆ ಗುಳ್ಳೆ ಎದ್ದಿವೆ. ಮೆಡಿಕಲ್ ಶಾಪಿನವರು ಕೊಟ್ಟ ಕ್ರೀಮಿಗೆ ಮೂರು ದಿನದಲ್ಲಿ ಹೋಗುತ್ತವೆ, ಬಿಟ್ಟರೆ ಮತ್ತೆ ಬರುತ್ತವೆ. ಇನ್ನೂ ಜಾಸ್ತಿ ಹಚ್ಚಲಾ?

ಉತ್ತರ: ಬೇಡ. ಇದೇ ಪ್ರಶ್ನೆಗೆ ಎಷ್ಟು ಸಲ ಉತ್ತರ ಬರೆದಿದ್ದೇನೋ ಲೆಕ್ಕ ಇಲ್ಲ. ಬರುವವರೆಲ್ಲ ಜೇಬಿನಿಂದ ಹಿಂಡಿ ಹಿಂಡಿ ಚಪ್ಪಟೆಯಾದ ಟ್ಯೂಬು ತೆಗೆದು ಟೇಬಲ್ ಮೇಲಿಡುತ್ತಾರೆ, 'ಇದು ಚೆನ್ನಾಗಿ ಹಿಡೀತು ಡಾಕ್ಟ್ರೇ' ಅಂತ. ಟ್ಯೂಬು ತಿರುಗಿಸಿ ಸಣ್ಣಕ್ಷರ ಓದಿ. ಬೆಟಾಮೆಥಾಸೋನ್, ಕ್ಲೋಬೆಟಾಸೋಲ್, ಮೊಮೆಟಾಸೋನ್ ಅಂತ ಇದ್ದರೆ ಅದು ಸ್ಟೀರಾಯ್ಡ್. ಅದು ಕೆಂಪು ಅಡಗಿಸುತ್ತದೆ, ಅದಕ್ಕೇ ಮೂರು ದಿನದ ಪವಾಡ. ಹಚ್ಚುತ್ತಾ ಹೋದರೆ ಚರ್ಮ ತೆಳುವಾಗಿ ರಕ್ತನಾಳ ಕಾಣುತ್ತದೆ, ಬಿಸಿಲಿಗೆ ಉರಿಯುತ್ತದೆ, ಆಮೇಲೆ ಸ್ಟೀರಾಯ್ಡೇ ಗುಳ್ಳೆ ಎಬ್ಬಿಸುತ್ತದೆ. ಕನ್ನಡಿ ನೋಡಿ: ತುಟಿಯ ಅಂಚಿಗೆ ಒಂದೆಳೆ ಚರ್ಮ ಬಿಟ್ಟು ಸುತ್ತಲೂ ಸಣ್ಣ ಕೆಂಪು ಗುಳ್ಳೆ ಇದೆಯಾ? ಹಾಗಿದ್ದರೆ ನಿಮ್ಮ ತೊಂದರೆಗೆ ಮಾಸ್ಕಿಗಿಂತ ಟ್ಯೂಬಿನ ಮೇಲೇ ನನಗೆ ಅನುಮಾನ. ಚೀಟಿ ಇಲ್ಲದೆ ಇದನ್ನು ಮಾರುವ ಹಾಗೇ ಇಲ್ಲ, ಆದರೂ ಕೌಂಟರಿನಲ್ಲಿ ಕೊಡುತ್ತಾರೆ. ತಿಂಗಳುಗಟ್ಟಲೆ ಹಚ್ಚಿದ್ದರೆ ಬಿಟ್ಟಾಗ ಮುಖ ಕೆಂಡದ ಹಾಗೆ ಉರಿಯಬಹುದು, ಹೆದರಿ ಮತ್ತೆ ಹಚ್ಚಬೇಡಿ, ಚರ್ಮದ ಡಾಕ್ಟರ ಹತ್ತಿರ ಹೋಗಿ.

ಟ್ಯೂಬಿನಲ್ಲಿ ಸ್ಟೀರಾಯ್ಡ್ ಇಲ್ಲದಿದ್ದರೆ ಆಗ ಮಾಸ್ಕಿನ ಮಾತು. ಭಟ್ಟಿಯ ಕಾವು, ಬೆವರು, ಉಸಿರಿನ ತೇವ, ಇಡೀ ದಿನದ ಉಜ್ಜಾಟ, ಇಷ್ಟು ಸೇರಿದರೆ ಕೂದಲ ಬುಡದ ರಂಧ್ರ ಮುಚ್ಚಿ ಮೊಡವೆ ಬರುತ್ತದೆ. ಅಂತ ಮಾಸ್ಕ್ ಬಿಡಬೇಡಿ, ಮೊಡವೆಗಿಂತ ಶ್ವಾಸಕೋಶ ಮುಖ್ಯ ಅಲ್ವಾ? ಒದ್ದೆಯಾದ ಮಾಸ್ಕ್ ಬದಲಿಸಿ. ಬಟ್ಟೆಯದಾದರೆ ಸೋಪು ಪೂರ್ತಿ ಹೋಗುವ ತನಕ ಜಾಲಿಸಿ, ಉಳಿದ ಸೋಪೂ ಚರ್ಮ ಕೆರಳಿಸುತ್ತದೆ. ಊಟಕ್ಕೆ ಹೊಗೆಯಿಂದ ದೂರ ಕೂತು ಮುಖಕ್ಕೆ ಗಾಳಿ ಆಡಲು ಬಿಡಿ. ರಾತ್ರಿ ಮುಖ ತೊಳೆದು, ಒಣಗಿದ ಮೇಲೆ 0.1% ಅಡಾಪಲೀನ್ ಜೆಲ್, ಇಡೀ ಮುಖಕ್ಕೆ ಸೇರಿ ಬಟಾಣಿ ಕಾಳಿನಷ್ಟು. ಬಸುರಿಯರಿಗೆ ಬೇಡ. ಮೊದಮೊದಲು ಸಿಪ್ಪೆ ಏಳುತ್ತದೆ, ಗುಣ ಕಾಣಲು 8ರಿಂದ 12 ವಾರ ಬೇಕು. ಮೂರು ದಿನದ ರುಚಿ ಹತ್ತಿದವರಿಗೆ ಇದು ಸಪ್ಪೆ ಅನಿಸುತ್ತದೆ, ಏನು ಮಾಡೋದು.

ಪ್ರಶ್ನೆ: ಮೊಡವೆಗೆ ನಿಂಬೆರಸ, ಸೋಡಾಪುಡಿ ಹಚ್ಚಬಹುದಾ? (ಚಿತ್ರದುರ್ಗದಿಂದ)

ಉತ್ತರ: ನಿಂಬೆಹಣ್ಣನ್ನು ಮಂಡಕ್ಕಿ ಮೇಲೆ ಹಿಂಡಿ.

ಪ್ರಶ್ನೆ: ಡಾಕ್ಟರು ಮೊಡವೆಗೆ ಹಚ್ಚಲು ಬೆಂಜಾಯಿಲ್ ಪೆರಾಕ್ಸೈಡ್ ಕೊಟ್ಟ ಮೇಲೆ ಕಪ್ಪು ಮಾಸ್ಕ್ ಬಿಳಿಚಿಕೊಂಡಿದೆ. ಮುಖವೂ ಹಾಗೇ ಆಗುತ್ತಾ?

ಉತ್ತರ: ಇಲ್ಲ, ಅದು ಬಟ್ಟೆಯ, ಕೂದಲಿನ ಬಣ್ಣ ತೆಗೆಯುತ್ತದೆ, ಚರ್ಮದ್ದಲ್ಲ. ಬಿಳಿ ಮಾಸ್ಕ್ ಹಾಕಿ, ದಿಂಬಿಗೂ ಬಿಳಿ ಕವರ್ರೇ ಇರಲಿ.

ಪ್ರಶ್ನೆ: ಕಿವಿ ಹಿಂದೆ ದಾರದ ಗುರುತಿನ ಉದ್ದಕ್ಕೂ ತುರಿಕೆ, ನೀರು ಒಸರುತ್ತದೆ.

ಉತ್ತರ: ಎಲಾಸ್ಟಿಕ್ಕಿನ ರಬ್ಬರಿಗೆ ಅಲರ್ಜಿ ಇರಬಹುದು. ಹಿಂದೆ ಗಂಟು ಹಾಕುವ ಬಟ್ಟೆ ದಾರದ ಮಾಸ್ಕ್ ತಗೊಳ್ಳಿ. ವಾರದಲ್ಲಿ ಇಳಿಯದಿದ್ದರೆ ತೋರಿಸಿ, ಫೋಟೋ ಕಳಿಸಬೇಡಿ.